ಸಂಸತ್ತಿನಲ್ಲಿ ಮತವಿಲ್ಲದ ಪ್ರತಿನಿಧಿ: ವಾಷಿಂಗ್ಟನ್ ಡಿಸಿಯ ಡೆಲಿಗೇಟ್ ಚುನಾವಣೆಗೆ ಮತ ಹಾಕಬೇಕಾ?

ತುಂಗಾತೀರ (ವಾಷಿಂಗ್ಟನ್ ಡಿಸಿ)

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ. ಈಗ ಇರುವುದು ಅಮೆರಿಕದ ರಾಜಧಾನಿ ಡಿಸಿಯ ಕೊಲಂಬಿಯಾ ಹೈಟ್ಸ್‌ನಲ್ಲಿ. ಕಳೆದ ವರ್ಷ ಪೌರತ್ವ ಸಿಕ್ಕಿತು. 2026ರ ಜೂನ್‌ನ ಪ್ರೈಮರಿಯಲ್ಲಿ (ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ) ಮೊದಲ ಸಲ ಅಮೆರಿಕದಲ್ಲಿ ಮತ ಹಾಕಲಿದ್ದೇನೆ.

ಮತಪತ್ರದಲ್ಲಿ ಮೇಯರ್ ಇದ್ದಾರೆ, ನಗರದ ಕೌನ್ಸಿಲ್ ಸದಸ್ಯರಿದ್ದಾರೆ. ಅದರ ಜೊತೆಗೆ ಅಮೆರಿಕದ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ ಡಿಸಿಯ ಡೆಲಿಗೇಟ್ ಸ್ಥಾನವೂ ಇದೆ. ಗೆದ್ದವರು ಸದನದಲ್ಲಿ ಕೂರಬಹುದು, ಮಾತಾಡಬಹುದು, ಮಸೂದೆ ಮಂಡಿಸಬಹುದು. ಆದರೆ ಸದನದಲ್ಲಿ ಮಸೂದೆ ಮತಕ್ಕೆ ಬಂದಾಗ ಅವರಿಗೆ ಮತ ಇಲ್ಲ. ಎಲೆನರ್ ಹೋಮ್ಸ್ ನಾರ್ಟನ್ 1991ರಿಂದ ಈ ಸ್ಥಾನದಲ್ಲಿದ್ದಾರೆ. ಮತ್ತೆ ಸ್ಪರ್ಧಿಸುವುದಿಲ್ಲ ಎಂದು 2026ರ ಜನವರಿಯಲ್ಲಿ ಹೇಳಿದರು. ಹಾಗಾಗಿ ಮೂವತ್ತೈದು ವರ್ಷಗಳ ನಂತರ ಸೀಟು ಖಾಲಿಯಾಗುತ್ತಿದೆ. ಕೌನ್ಸಿಲ್‌ನ ರಾಬರ್ಟ್ ವೈಟ್, ಬ್ರೂಕ್ ಪಿಂಟೊ ಸೇರಿ ಹಲವರು ಕಣಕ್ಕಿಳಿದಿದ್ದಾರೆ.

ನಮ್ಮ ಮನೆಯವರು "ಆ ಸಾಲು ಖಾಲಿ ಬಿಡು, ಮತ ಇಲ್ಲದವರನ್ನು ಕಳಿಸಿ ಏನು ಪ್ರಯೋಜನ" ಎನ್ನುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಆದರೆ ಯಾಕೆ ಹಾಕಬೇಕು ಅಂತ ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರವೂ ಇಲ್ಲ. ಇದರ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ.

ಲೌಡನ್ ರಾಘು (ಆಶ್‌ಬರ್ನ್, ವರ್ಜೀನಿಯಾ)

ಪೌರತ್ವಕ್ಕೆ ಅಭಿನಂದನೆ ಅಕ್ಕ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರು ಹೇಳುವುದರಲ್ಲಿ ಅರ್ಥ ಇದೆ.

ನಾನು ನದಿ ಆಚೆ ಇದ್ದೇನೆ. ನಮ್ಮ ಪ್ರತಿನಿಧಿ ಸುಹಾಸ್ ಸುಬ್ರಮಣ್ಯಂ. ಅವರಿಗೆ ಪೂರ್ತಿ ಮತ ಇದೆ. ಜೊತೆಗೆ ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ನಮಗೆ ಇಬ್ಬರು ಸೆನೆಟರ್‌ಗಳು. ನಿಮಗೆ ಸೆನೆಟ್‌ನಲ್ಲಿ ಯಾರೂ ಇಲ್ಲ, ಹೌಸ್‌ನಲ್ಲಿ ಮತವಿಲ್ಲದ ಒಬ್ಬರು. 435 ಜನ ಬಟನ್ ಒತ್ತುವಾಗ ನಿಮ್ಮವರು ಸುಮ್ಮನೆ ಕೂತಿರಬೇಕು.

2023ರಲ್ಲಿ ಏನಾಯಿತು ನೋಡಿ. ಡಿಸಿ ಕೌನ್ಸಿಲ್ ತನ್ನ ಅಪರಾಧ ಕಾನೂನನ್ನು ತಿದ್ದಿ ಬರೆದಿತ್ತು. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅದನ್ನು ರದ್ದು ಮಾಡಿತು. ಹೌಸ್‌ನಲ್ಲಿ 250ಕ್ಕೆ 173, ಸೆನೆಟ್‌ನಲ್ಲಿ 81ಕ್ಕೆ 14. ಕಾನೂನು ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಮಾತು. ಅದು ಅನ್ವಯಿಸುತ್ತಿದ್ದದ್ದು ಡಿಸಿ ಜನರಿಗೆ ಮಾತ್ರ. ಆ ಎಣಿಕೆಯಲ್ಲಿ ಡಿಸಿಯ ಒಂದು ಮತವೂ ಇರಲಿಲ್ಲ. ಇಂಥ ಹುದ್ದೆಗೆ ಯಾರು ಬಂದರೇನು?

ನಿವೃತ್ತ ಮೇಷ್ಟ್ರು (ಮೈಸೂರು)

ರಾಘು ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಹುದ್ದೆಗೆ ದೊಡ್ಡ ಚರಿತ್ರೆ ಇದೆ. ಅದನ್ನು ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಅಮೆರಿಕದ ಸಂವಿಧಾನದಲ್ಲಿ ಡೆಲಿಗೇಟ್ ಎನ್ನುವ ಹುದ್ದೆಯೇ ಇಲ್ಲ. ಇದು 1787ರ ನಾರ್ತ್‌ವೆಸ್ಟ್ ಆರ್ಡಿನೆನ್ಸ್‌ನಿಂದ ಬಂತು. ಪಶ್ಚಿಮದ ಹೊಸ ಪ್ರದೇಶಗಳು ಇನ್ನೂ ರಾಜ್ಯ ಆಗಿರಲಿಲ್ಲ. ಅಲ್ಲಿಯ ಜನರ ಮಾತು ಕಾಂಗ್ರೆಸ್‌ಗೆ ಮುಟ್ಟಬೇಕಲ್ಲ? ಅದಕ್ಕೆ ಒಬ್ಬರನ್ನು ಕಳಿಸಬಹುದು, ಅವರು ಚರ್ಚೆ ಮಾಡಬಹುದು, ಮತ ಹಾಕುವಂತಿಲ್ಲ ಎಂದು ಬರೆದರು. 1794ರಲ್ಲಿ ಜೇಮ್ಸ್ ವೈಟ್ ಅನ್ನುವವರು ಓಹಿಯೊ ನದಿಯ ದಕ್ಷಿಣದ ಪ್ರದೇಶದಿಂದ ಬಂದರು. ಇವರನ್ನು ಎಲ್ಲಿ ಕೂರಿಸಬೇಕು, ಪ್ರಮಾಣವಚನ ಬೇಕೋ ಬೇಡವೋ ಎಂದು ಸದನದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎರಡು ವರ್ಷದಲ್ಲಿ, 1796ರಲ್ಲಿ, ಆ ಪ್ರದೇಶ ಟೆನೆಸ್ಸೀ ರಾಜ್ಯ ಆಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆಗ ಮತವಿಲ್ಲದ ಪ್ರತಿನಿಧಿ ಅಂದರೆ ತಾತ್ಕಾಲಿಕ ವ್ಯವಸ್ಥೆ. ಇವತ್ತು ಪ್ರದೇಶ, ನಾಳೆ ರಾಜ್ಯ. ಹವಾಯಿಯಿಂದ ರಾಜಕುಮಾರ ಜೋನಾ ಕುಹಿಯೊ 1903ರಿಂದ 1922ರಲ್ಲಿ ತೀರಿಕೊಳ್ಳುವವರೆಗೆ ಡೆಲಿಗೇಟ್ ಆಗಿದ್ದರು. ಹವಾಯಿಗೆ ರಾಜ್ಯದ ಸ್ಥಾನ ಕೇಳಿ 1919ರಲ್ಲಿ ಮಸೂದೆ ತಂದರು. ಅದು ನಡೆದದ್ದು 1959ರಲ್ಲಿ. ಅಲಾಸ್ಕಾದಿಂದ ಬಾಬ್ ಬಾರ್ಟ್ಲೆಟ್ 1945ರಿಂದ ಡೆಲಿಗೇಟ್ ಆಗಿದ್ದರು. ಅಲಾಸ್ಕಾ ರಾಜ್ಯವಾದಾಗ ಅವರೇ ಸೆನೆಟರ್ ಆದರು. ಈ ಜನ ಮತ ಇಲ್ಲದೆಯೇ ಮತ ಇರುವವರ ಮನವೊಲಿಸಿದರು. ವರ್ಷಗಟ್ಟಲೆ ಒಂದೇ ಮಾತನ್ನು ಬೇರೆ ಬೇರೆ ಜನರ ಮುಂದೆ ಹೇಳುತ್ತಾ ಹೋಗುವುದು ಸಣ್ಣ ಕೆಲಸ ಅಲ್ಲ.

ಡಿಸಿಯ ಕಥೆ ಬೇರೆ. 1871ರಲ್ಲಿ ಒಮ್ಮೆ ಡೆಲಿಗೇಟ್ ಸ್ಥಾನ ಕೊಟ್ಟರು. ನಾರ್ಟನ್ ಚಿಪ್‌ಮನ್ ಅನ್ನುವವರು ಆಯ್ಕೆಯಾದರು. 1875ಕ್ಕೆ ಅದನ್ನು ಕಿತ್ತುಕೊಂಡರು. ಮತ್ತೆ ಆ ಸ್ಥಾನ ಬಂದದ್ದು 1970ರ ಕಾನೂನಿನಿಂದ. 1971ರಲ್ಲಿ ವಾಲ್ಟರ್ ಫಾಂಟ್‌ರಾಯ್ ಗೆದ್ದರು. ಸುಮಾರು ನೂರು ವರ್ಷ ರಾಜಧಾನಿಯ ಜನರಿಗೆ ಸಂಸತ್ತಿನಲ್ಲಿ ಒಂದು ಧ್ವನಿಯೂ ಇರಲಿಲ್ಲ.

ಧಾರವಾಡದ ಓದುಗ

ಸರ್, ಯುಪಿಎಸ್‌ಸಿಗೆ ಓದುತ್ತಿದ್ದೇನೆ. ಒಂದು ಸಂದೇಹ. ನಮ್ಮ ದೆಹಲಿಯಿಂದ ಲೋಕಸಭೆಗೆ 7 ಸದಸ್ಯರು ಹೋಗುತ್ತಾರೆ. ರಾಜ್ಯಸಭೆಗೆ 3. ಎಲ್ಲರಿಗೂ ಮತ ಇದೆ. ದೆಹಲಿಯೂ ಪೂರ್ಣ ರಾಜ್ಯ ಅಲ್ಲ. ಅಮೆರಿಕದಲ್ಲಿ ಮಾತ್ರ ಯಾಕೆ ಹೀಗೆ?

ನಮ್ಮಲ್ಲೂ ಮಾತಿದೆ, ಮತವಿಲ್ಲ ಅನ್ನುವ ಸ್ಥಾನ ಇದೆ. 88ನೇ ವಿಧಿ ಪ್ರಕಾರ ಅಟಾರ್ನಿ ಜನರಲ್ ಎರಡೂ ಸದನದಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಪುರಸಭೆ, ಪಾಲಿಕೆಗಳ ನಾಮನಿರ್ದೇಶಿತ ಸದಸ್ಯರಿಗೂ ಸಭೆಯಲ್ಲಿ ಮತ ಇಲ್ಲ. ಆದರೆ ಅವರನ್ನು ಜನ ಆರಿಸಿರುವುದಿಲ್ಲ. ಜನ ಸಾಲಿನಲ್ಲಿ ನಿಂತು ಆರಿಸಿದವರಿಗೆ ಮತ ಇಲ್ಲ ಅನ್ನುವುದು ನನಗೆ ಅರಗುತ್ತಿಲ್ಲ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮಗೂ. ನೀನು ಹಿಡಿದ ವ್ಯತ್ಯಾಸವೇ ಮುಖ್ಯ. ಅಟಾರ್ನಿ ಜನರಲ್ ಸರ್ಕಾರದ ವಕೀಲರು, ಸಲಹೆ ಕೊಡಲು ಬರುತ್ತಾರೆ. ಡೆಲಿಗೇಟ್ ಜನರ ಪ್ರತಿನಿಧಿ.

ಅಮೆರಿಕದ ಸಂವಿಧಾನ ಹೌಸ್ ಸದಸ್ಯರನ್ನು "ರಾಜ್ಯಗಳ ಜನ" ಆರಿಸುತ್ತಾರೆ ಎನ್ನುತ್ತದೆ. ಡಿಸಿ ರಾಜ್ಯ ಅಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು. ಅದರ ಮೇಲೆ, ರಾಜಧಾನಿ ಪ್ರದೇಶದ ಮೇಲೆ ಪೂರ್ತಿ ಅಧಿಕಾರ ಕಾಂಗ್ರೆಸ್‌ಗೆ ಎಂದು ಮೊದಲ ವಿಧಿಯಲ್ಲೇ ಬರೆದಿದ್ದಾರೆ. ಅದಕ್ಕೆ ಕಾರಣವೂ ಇತ್ತು. 1783ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂಬಳ ಸಿಗದ ಸೈನಿಕರು ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನು ಮುತ್ತಿಕೊಂಡರು. ಪೆನ್ಸಿಲ್ವೇನಿಯಾ ಸರ್ಕಾರ ರಕ್ಷಣೆಗೆ ಬರಲಿಲ್ಲ. ರಾಜಧಾನಿ ಯಾವ ರಾಜ್ಯದ ಕೈಯಲ್ಲೂ ಇರಬಾರದು ಎಂದು ಅಂದಿನವರು ತೀರ್ಮಾನಿಸಿದರು.

ನಮ್ಮ ದೆಹಲಿಯ ಲೋಕಸಭಾ ಸ್ಥಾನಗಳಿಗೆ ಅಂಥ ಅಡ್ಡಿ ಇಲ್ಲ. ನಮ್ಮ ಸಂವಿಧಾನ ಕೇಂದ್ರಾಡಳಿತ ಪ್ರದೇಶಗಳ ಸದಸ್ಯರಿಗೂ ಜಾಗ ಇಟ್ಟಿದೆ.

ಪೂರ್ಣಿಮಾ ಎಚ್. (ವಾಷಿಂಗ್ಟನ್ ಡಿಸಿ)

ತುಂಗಾತೀರ ಅವರೇ, ನಾನು ಡಿಸಿಯಲ್ಲಿ ತುಂಬಾ ವರ್ಷದಿಂದ ಇದ್ದೇನೆ. ಇಬ್ಬರು ಮಕ್ಕಳನ್ನು ಇಲ್ಲೇ ಓದಿಸಿದೆ. ರಾಘು ಅವರ ಮಾತು ಓದಿ ಸುಮ್ಮನಿರಲು ಆಗಲಿಲ್ಲ. "ಯಾರು ಬಂದರೇನು" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನನ್ನ ದೊಡ್ಡ ಮಗಳ ಕಾಲೇಜಿನ ವಿಷಯ ಹೇಳುತ್ತೇನೆ. ಡಿಸಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಇರುವುದು ಒಂದೇ. ಪಕ್ಕದ ರಾಜ್ಯಗಳ ಸರ್ಕಾರಿ ಕಾಲೇಜಿಗೆ ಹೋದರೆ ಹೊರಗಿನವರ ಫೀಸು. ಸ್ಥಳೀಯರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ವರ್ಜೀನಿಯಾ ಮಕ್ಕಳಿಗೆ ಈ ಸಮಸ್ಯೆ ಇಲ್ಲ, ಅಲ್ವಾ ರಾಘು? 1999ರಲ್ಲಿ ಇದಕ್ಕೆ ಒಂದು ಕಾನೂನು ಬಂತು. ಡಿಸಿ ಮಕ್ಕಳು ಬೇರೆ ರಾಜ್ಯದ ಸರ್ಕಾರಿ ಕಾಲೇಜು ಸೇರಿದರೆ ಆ ಫೀಸಿನ ವ್ಯತ್ಯಾಸವನ್ನು ವರ್ಷಕ್ಕೆ 10,000 ಡಾಲರ್‌ವರೆಗೆ ಕೇಂದ್ರ ಸರ್ಕಾರ ಕೊಡುತ್ತದೆ ಎಂದು. ಅದರ ಹಿಂದೆ ನಿಂತು ಕೆಲಸ ಮಾಡಿದವರು ನಾರ್ಟನ್. ಆಗ ಹೌಸ್, ಸೆನೆಟ್ ಎರಡೂ ರಿಪಬ್ಲಿಕನ್ನರ ಕೈಯಲ್ಲಿದ್ದವು. ನಾರ್ಟನ್ ಡೆಮಾಕ್ರಾಟ್. ಅವರ ಕೈಯಲ್ಲಿ ಒಂದು ಮತವೂ ಇರಲಿಲ್ಲ. ಆದರೂ ಆ ಕಾನೂನು ಆಯಿತು. ನನ್ನ ಮಗಳ ನಾಲ್ಕು ವರ್ಷದ ಫೀಸು ಕಟ್ಟಲು ಅದು ನಮಗೆ ದೊಡ್ಡ ಆಸರೆಯಾಯಿತು.

ಡೆಲಿಗೇಟ್‌ಗೆ ಎಲ್ಲೂ ಮತವಿಲ್ಲ ಅನ್ನುವುದೂ ಸರಿಯಲ್ಲ. ಸದನದ ಸಮಿತಿಗಳಲ್ಲಿ ಅವರಿಗೆ ಬೇರೆ ಸದಸ್ಯರಷ್ಟೇ ಮತ ಇದೆ. ಅಲ್ಲಿ ತಿದ್ದುಪಡಿ ತರಬಹುದು, ಸಾಕ್ಷಿಗಳನ್ನು ಪ್ರಶ್ನಿಸಬಹುದು. ಉಪಸಮಿತಿಯ ಅಧ್ಯಕ್ಷರೂ ಆಗಬಹುದು. ನಾರ್ಟನ್ 2019ರಿಂದ 2023ರ ಆರಂಭದವರೆಗೆ ಹೆದ್ದಾರಿ ಮತ್ತು ಸಾರಿಗೆ ಉಪಸಮಿತಿಯ ಅಧ್ಯಕ್ಷರಾಗಿದ್ದರು. ಇಡೀ ದೇಶದ ರಸ್ತೆ, ಬಸ್ಸು, ಮೆಟ್ರೊ ಹಣದ ಮಾತು ಅಲ್ಲಿ ನಡೆಯುತ್ತದೆ. ಡಿಸಿಗೆ ಸಂಬಂಧಪಟ್ಟ ಮಸೂದೆಗಳು ಹೆಚ್ಚಾಗಿ ಓವರ್‌ಸೈಟ್ ಸಮಿತಿಗೆ ಹೋಗುತ್ತವೆ. ನಾರ್ಟನ್ ಅಲ್ಲೂ ಇದ್ದಾರೆ. ಮಸೂದೆ ರೂಪ ಪಡೆಯುವುದೂ ಸಾಯುವುದೂ ಹೆಚ್ಚು ಸಲ ಸಮಿತಿಯಲ್ಲೇ.

ಇನ್ನು ಸದನದ ಹೊರಗೆ. ಫಾಂಟ್‌ರಾಯ್ ಅವರು 1984ರ ನವೆಂಬರ್‌ನಲ್ಲಿ ಇಲ್ಲಿನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಗೆ ಹೋಗಿ, ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ, ಹೊರಗೆ ಹೋಗುವುದಿಲ್ಲ ಎಂದು ಧರಣಿ ಕೂತು ಬಂಧನಕ್ಕೊಳಗಾದರು. ಜೊತೆಗೆ ರ‍್ಯಾಂಡಲ್ ರಾಬಿನ್ಸನ್, ಮೇರಿ ಫ್ರಾನ್ಸಿಸ್ ಬೆರ‍್ರಿ ಇದ್ದರು. ಅಂದು ಆ ಗುಂಪಿನಲ್ಲಿದ್ದ ನಾರ್ಟನ್ ಹೊರಗೆ ಬಂದು ಪತ್ರಕರ್ತರಿಗೆ ವಿಷಯ ಹೇಳಿದರು. ಅಲ್ಲಿಂದ ದೊಡ್ಡ ಚಳವಳಿ ಬೆಳೆಯಿತು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ವೀಟೊ ಮೀರಿ ಕಾಂಗ್ರೆಸ್ ದಕ್ಷಿಣ ಆಫ್ರಿಕಾ ಮೇಲೆ ನಿರ್ಬಂಧ ಹಾಕಿತು. ಆ ಮತದಾನದಲ್ಲಿ ಫಾಂಟ್‌ರಾಯ್ ಮತ ಇರಲಿಲ್ಲ. ಆದರೆ ಆ ಮತದಾನ ಆಗುವಂತೆ ಮಾಡಿದವರಲ್ಲಿ ಅವರೂ ಒಬ್ಬರು.

ಲೌಡನ್ ರಾಘು

ಪೂರ್ಣಿಮಾ ಮೇಡಂ, ಕಾಲೇಜು ಫೀಸಿನ ವಿಷಯ ಒಪ್ಪಿದೆ. ನಾರ್ಟನ್ ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಅವರ ಶಕ್ತಿ, ಹುದ್ದೆಯ ಶಕ್ತಿ ಅಲ್ಲ. ಒಬ್ಬ ನಾರ್ಟನ್ ಹೋದ ಮೇಲೆ ಇನ್ನೊಬ್ಬ ನಾರ್ಟನ್ ಸಿಗುತ್ತಾರಾ? ಅವರು ನಾಗರಿಕ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಗೆ ದುಡಿದವರು. ಅಧ್ಯಕ್ಷ ಕಾರ್ಟರ್ ಕಾಲದಲ್ಲಿ ಉದ್ಯೋಗದ ಸಮಾನಾವಕಾಶ ಆಯೋಗದ ಮೊದಲ ಮಹಿಳಾ ಮುಖ್ಯಸ್ಥೆ. ಕಾನೂನು ಪಾಠ ಮಾಡಿದವರು.

ಅಂಥವರು ಇದ್ದೂ 2025ರಲ್ಲಿ ಏನಾಯಿತು? ಮಾರ್ಚ್‌ನಲ್ಲಿ ಕಾಂಗ್ರೆಸ್ ಕೇಂದ್ರದ ಖರ್ಚಿನ ಮಸೂದೆ ಮಾಡುವಾಗ ಡಿಸಿಯ ಬಜೆಟ್ಟನ್ನೂ ಹಳೆಯ ವರ್ಷದ ಮಟ್ಟಕ್ಕೆ ಇಳಿಸಿತು. ಸುಮಾರು 110 ಕೋಟಿ ಡಾಲರ್ ಹೊಡೆತ. ಅದು ಕೇಂದ್ರ ಕೊಟ್ಟ ಹಣ ಅಲ್ಲ, ಡಿಸಿಯವರೇ ಕಟ್ಟಿದ ಸ್ಥಳೀಯ ತೆರಿಗೆ. ಸೆನೆಟ್ ಆ ರಾತ್ರಿಯೇ ಸರಿಪಡಿಸುವ ಮಸೂದೆ ಪಾಸು ಮಾಡಿತು. ಹೌಸ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸ್ಪೀಕರ್ ಅಡ್ಡ ಕೂತರೆ ಸದಸ್ಯರು ಸಹಿ ಸಂಗ್ರಹಿಸಿ ಮಸೂದೆಯನ್ನು ಸದನಕ್ಕೆ ಎಳೆದು ತರುವ ದಾರಿ ಒಂದಿದೆ. ಡೆಲಿಗೇಟ್ ಆ ಪತ್ರಕ್ಕೆ ಸಹಿಯನ್ನೂ ಹಾಕುವಂತಿಲ್ಲ.

ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರು ಹೋಮ್ ರೂಲ್ ಕಾನೂನಿನ (ಡಿಸಿಗೆ ಸ್ವಂತ ಆಡಳಿತ ಕೊಟ್ಟ ಕಾನೂನು) 740ನೇ ಸೆಕ್ಷನ್ ಬಳಸಿ ನಗರದ ಪೊಲೀಸರನ್ನು 30 ದಿನ ತಮ್ಮ ಕೈಗೆ ತೆಗೆದುಕೊಂಡರು. ನ್ಯಾಷನಲ್ ಗಾರ್ಡ್ ಬೀದಿಗಿಳಿಯಿತು. ನಿಮಗೆ ಬೇಕಾಗಿರುವುದು ಒಳ್ಳೆಯ ಡೆಲಿಗೇಟ್ ಅಲ್ಲ. ನಿಜವಾದ ಮತ. ಒಳ್ಳೆಯ ಡೆಲಿಗೇಟ್ ಸಿಕ್ಕಿದರೆ ಜನ ಅಷ್ಟಕ್ಕೇ ಸಮಾಧಾನ ಆಗಿಬಿಡುತ್ತಾರೆ ಅನ್ನುವುದು ನನ್ನ ಭಯ.

ಸ್ಯಾನ್ ಹುವಾನ್ ಕನ್ನಡಿಗ (ಪೋರ್ಟೊರಿಕೊ)

ರಾಘು ಅಣ್ಣ, ನಿಮ್ಮ ಭಯ ನಮ್ಮಲ್ಲಿ ನಿಜವಾಗಿದೆ. ನಾನು ಔಷಧ ತಯಾರಿಕೆಯಲ್ಲಿದ್ದೇನೆ. ಕೆಲಸಕ್ಕೆ ನ್ಯೂಜೆರ್ಸಿಯಿಂದ ಇಲ್ಲಿಗೆ, ಅಮೆರಿಕದ್ದೇ ಆದರೂ ರಾಜ್ಯವಲ್ಲದ ಈ ದ್ವೀಪಕ್ಕೆ ಬಂದೆ. ಅಲ್ಲಿದ್ದಾಗ ಅಧ್ಯಕ್ಷರ ಚುನಾವಣೆಗೆ ಮತ ಹಾಕಿದ್ದೆ. ಇಲ್ಲಿ ಮನೆ ಮಾಡಿದ ಮೇಲೆ ಅದಿಲ್ಲ. ಪಾಸ್‌ಪೋರ್ಟ್ ಅದೇ, ದೇಶ ಅದೇ, ಹಕ್ಕು ಮಾತ್ರ ವಿಳಾಸದ ಜೊತೆ ಹೋಯಿತು. ಡಿಸಿಯವರಿಗೆ 1961ರ 23ನೇ ತಿದ್ದುಪಡಿಯಿಂದ ಅಧ್ಯಕ್ಷರ ಆಯ್ಕೆಯಲ್ಲಿ 3 ಎಲೆಕ್ಟೋರಲ್ ಮತಗಳಾದರೂ ಇವೆ.

2020ರ ಜನಗಣತಿಯಲ್ಲಿ ಪೋರ್ಟೊರಿಕೊದ ಜನಸಂಖ್ಯೆ ಸುಮಾರು 33 ಲಕ್ಷ. ಇಷ್ಟು ಜನಕ್ಕೆ ಹೌಸ್‌ನಲ್ಲಿ ಮತವಿಲ್ಲದ ಒಬ್ಬರು. ಇಲ್ಲಿ ಅವರಿಗೆ ರೆಸಿಡೆಂಟ್ ಕಮಿಷನರ್ ಅನ್ನುತ್ತಾರೆ. ಉಳಿದ ಡೆಲಿಗೇಟ್‌ಗಳಿಗೆ 2 ವರ್ಷ ಅವಧಿಯಾದರೆ ಇವರಿಗೆ 4 ವರ್ಷ. ಈಗ ಇರುವವರು ಪಾಬ್ಲೊ ಹೋಸೆ ಹೆರ್ನಾಂಡೆಸ್, 2024ರಲ್ಲಿ ಗೆದ್ದವರು.

2016ರಲ್ಲಿ ಪೋರ್ಟೊರಿಕೊ ಸಾಲದಲ್ಲಿ ಮುಳುಗಿದಾಗ ಕಾಂಗ್ರೆಸ್ ಪ್ರೊಮೆಸಾ ಅನ್ನುವ ಕಾನೂನು ಮಾಡಿತು. ದ್ವೀಪದ ಹಣಕಾಸಿನ ಮೇಲೆ ಏಳು ಜನರ ಮಂಡಳಿ ಕೂತಿತು. ನೇಮಕ ಮಾಡುವವರು ಅಧ್ಯಕ್ಷರು. ನಾವು ಆರಿಸಿದ ಗವರ್ನರ್‌ನ ಬಜೆಟ್ ಸರಿ ಇದೆಯೋ ಇಲ್ಲವೋ ಎಂದು ಹೇಳುವುದು ಆ ಮಂಡಳಿ. ಪಿಂಚಣಿ, ಶಾಲೆ, ವಿಶ್ವವಿದ್ಯಾಲಯದ ಹಣ ಎಲ್ಲ ಅದರಡಿ ಬಂತು. ಕಾನೂನಿಗೆ ಮತ ಹಾಕುವಾಗ ದ್ವೀಪದ ಮತ ಶೂನ್ಯ.

ಆದರೂ ಇಲ್ಲಿ ಜನ ಆ ಚುನಾವಣೆಯನ್ನು ಬಿಡುವುದಿಲ್ಲ. ಗವರ್ನರ್ ಚುನಾವಣೆಯ ಜೊತೆಗೇ ಅದೂ ಬರುತ್ತದೆ. ಪ್ರಚಾರ, ಮೆರವಣಿಗೆ, ಧ್ವಜ, ನಮ್ಮ ಕಡೆ ಹಾಗೇ ಗಲಾಟೆ. ಈಗಿನ ಗವರ್ನರ್ ಜೆನಿಫರ್ ಗೊನ್ಸಾಲೆಸ್ ಮೊದಲು ರೆಸಿಡೆಂಟ್ ಕಮಿಷನರ್ ಆಗಿದ್ದವರೇ. ರಾಜ್ಯವಾಗಬೇಕೋ, ಈಗಿನ ಹಾಗೇ ಇರಬೇಕೋ, ಸ್ವತಂತ್ರವಾಗಬೇಕೋ ಎಂಬ ಜಗಳ ಆ ಒಂದು ಸೀಟಿನಲ್ಲಿ ಕಾಣುತ್ತದೆ. ಡಿಸಿಯಲ್ಲಿ ರಾಜ್ಯವಾಗಬೇಕು ಅನ್ನುವುದಕ್ಕೆ ಜನರ ಒಪ್ಪಿಗೆ ಜಾಸ್ತಿ ಇದೆ. ನಮ್ಮಲ್ಲಿ ಜನರೇ ಹಂಚಿಹೋಗಿದ್ದಾರೆ.

ತುಂಗಾತೀರ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಓದುತ್ತಾ ಸಿಟ್ಟೂ ಬಂತು, ಆಸೆಯೂ ಬಂತು.

ಒಂದು ವಿಷಯ ನನ್ನನ್ನು ತುಂಬಾ ಕಾಡಿತು. ಮಿಶಿಗನ್‌ನಿಂದ ಆರಿಸಿ ಬಂದಿರುವ ಶ್ರೀ ಠಾಣೇದಾರ್ ನಮ್ಮ ಬೆಳಗಾವಿಯಲ್ಲಿ ಬೆಳೆದವರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದವರು. ಆಶ್‌ಬರ್ನ್‌ನ ಕನ್ನಡಿಗರಿಗೆ ಸುಹಾಸ್ ಇದ್ದಾರೆ. ಡಿಸಿಯ ಪೊಲೀಸ್, ಡಿಸಿಯ ಬಜೆಟ್, ಡಿಸಿಯ ಕಾನೂನು ಸದನಕ್ಕೆ ಬಂದಾಗ ಅವರಿಬ್ಬರೂ ಮತ ಹಾಕಬಹುದು. ಇದೇ ಊರಲ್ಲಿ ಹುಟ್ಟಿ, ಇದೇ ಊರಲ್ಲಿ ತೆರಿಗೆ ಕಟ್ಟಿ, ಇದೇ ಊರಿಂದ ಯುದ್ಧಕ್ಕೆ ಹೋದ ನನ್ನ ಪಕ್ಕದ ಮನೆಯ ಅಜ್ಜನ ಪರವಾಗಿ ಮತ ಹಾಕುವವರು ಯಾರೂ ಇಲ್ಲ. ವಲಸೆ ಬಂದ ನಮ್ಮವರಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷ ಇದೆ. ಅಜ್ಜನಿಗೆ ಸಿಗದಿದ್ದಕ್ಕೆ ನೋವಿದೆ.

ನಿವೃತ್ತ ಮೇಷ್ಟ್ರು

ನಿಮ್ಮ ಪಕ್ಕದ ಮನೆಯ ಹಿರಿಯರ ಮಾತು ಬಂತು, ಅದಕ್ಕೆ ಒಂದು ಲೆಕ್ಕ. 2020ರ ಜನಗಣತಿ ಪ್ರಕಾರ ಡಿಸಿಯಲ್ಲಿ 6,89,545 ಜನ. ವಯೋಮಿಂಗ್ ರಾಜ್ಯದಲ್ಲಿ 5,76,851. ವಯೋಮಿಂಗ್‌ಗೆ ಹೌಸ್‌ನಲ್ಲಿ ಮತವಿರುವ ಒಬ್ಬರು, ಸೆನೆಟ್‌ನಲ್ಲಿ ಇಬ್ಬರು. ಡಿಸಿಯವರು ಕೇಂದ್ರದ ಆದಾಯ ತೆರಿಗೆಯನ್ನೂ ಪೂರ್ತಿ ಕಟ್ಟುತ್ತಾರೆ. ತಲಾ ಲೆಕ್ಕದಲ್ಲಿ ಯಾವ ರಾಜ್ಯಕ್ಕಿಂತಲೂ ಜಾಸ್ತಿ.

ಲೌಡನ್ ರಾಘು

ಹಾಗಾದರೆ ಡಿಸಿಯನ್ನು ಪಕ್ಕದ ಮೇರಿಲ್ಯಾಂಡ್ ರಾಜ್ಯಕ್ಕೆ ಸೇರಿಸಿಬಿಡಬಹುದಲ್ಲ ಸರ್? ನಾನು ದಿನಾ ದಾಟುವ ಆರ್ಲಿಂಗ್ಟನ್ ಕೂಡ ಒಂದು ಕಾಲಕ್ಕೆ ಡಿಸಿಯೇ ಆಗಿತ್ತು. 1846ರಲ್ಲಿ ಕಾಂಗ್ರೆಸ್ ಒಪ್ಪಿ, 1847ರಲ್ಲಿ ವರ್ಜೀನಿಯಾಗೆ ವಾಪಸ್ ಹೋಯಿತು. ಇವತ್ತು ಅಲ್ಲಿಯವರಿಗೆ ಎಲ್ಲ ಹಕ್ಕೂ ಇದೆ. ಸಂಸತ್ ಭವನ, ಶ್ವೇತಭವನದ ಸುತ್ತ ಸ್ವಲ್ಪ ಜಾಗ ಕೇಂದ್ರಕ್ಕೆ ಬಿಟ್ಟು ಉಳಿದದ್ದು ಮೇರಿಲ್ಯಾಂಡ್. 51ನೇ ರಾಜ್ಯ ಎಂದು ಹಟ ಹಿಡಿದು ಕೂರುವುದಕ್ಕಿಂತ ಬೇಗ ಆಗಬಹುದು.

ಪೂರ್ಣಿಮಾ ಎಚ್.

ಸೇರಿಸಿಕೊಳ್ಳಲು ಮೇರಿಲ್ಯಾಂಡ್ ಕೇಳಿದೆಯಾ? ಸೇರಲು ನಾವು ಕೇಳಿದ್ದೇವಾ? 2016ರಲ್ಲಿ ಇಲ್ಲಿ ಜನಮತ ತೆಗೆದುಕೊಂಡಾಗ ಸುಮಾರು 86% ಜನ ರಾಜ್ಯವಾಗಬೇಕು ಎಂದರು. ಜನ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಅದನ್ನು ಹಟ ಅಂತ ಕರೆಯಬೇಡಿ ರಾಘು. ಆರ್ಲಿಂಗ್ಟನ್ ವಾಪಸಾದದ್ದಕ್ಕೆ ಗುಲಾಮರ ವ್ಯಾಪಾರದ ಹಿನ್ನೆಲೆಯೂ ಇತ್ತು. ಅದರ ಜೊತೆಗೇ ವಾಪಸಾದ ಅಲೆಕ್ಸಾಂಡ್ರಿಯಾ ಆಗ ಆ ವ್ಯಾಪಾರದ ದೊಡ್ಡ ಕೇಂದ್ರ. 1850ರಲ್ಲಿ ಡಿಸಿಯಲ್ಲಿ ಗುಲಾಮರ ಮಾರಾಟ ನಿಷೇಧವಾದಾಗ ಅಲೆಕ್ಸಾಂಡ್ರಿಯಾಗೆ ಅದು ಅನ್ವಯವಾಗಲಿಲ್ಲ.

ದಾರಿ ಎಷ್ಟು ಸವೆದಿದೆ ನೋಡಿ. 1978ರಲ್ಲಿ ಡಿಸಿಗೆ ಪೂರ್ತಿ ಪ್ರಾತಿನಿಧ್ಯ ಕೊಡುವ ಸಂವಿಧಾನ ತಿದ್ದುಪಡಿಯನ್ನು ಕಾಂಗ್ರೆಸ್ ಒಪ್ಪಿತು. 38 ರಾಜ್ಯ ಬೇಕಿತ್ತು, 16 ಮಾತ್ರ ಒಪ್ಪಿದವು. 1985ರಲ್ಲಿ ಅವಧಿ ಮುಗಿಯಿತು. 1993ರಲ್ಲಿ ರಾಜ್ಯದ ಮಸೂದೆ ಹೌಸ್‌ನಲ್ಲಿ 153ಕ್ಕೆ 277 ಮತಗಳಿಂದ ಸೋತಿತು. ನಾರ್ಟನ್ ಬಿಡಲಿಲ್ಲ. 2020ರ ಜೂನ್‌ನಲ್ಲಿ ಅದೇ ಹೌಸ್ 232ಕ್ಕೆ 180ರಲ್ಲಿ ಪಾಸು ಮಾಡಿತು. 2021ರ ಏಪ್ರಿಲ್‌ನಲ್ಲಿ 216ಕ್ಕೆ 208ರಲ್ಲಿ ಮತ್ತೆ ಪಾಸು. ಸೆನೆಟ್ ಎರಡು ಸಲವೂ ಮತಕ್ಕೇ ಹಾಕಲಿಲ್ಲ. ಆದರೂ 153ರಿಂದ 232ಕ್ಕೆ ಬಂದದ್ದು ತಾನಾಗಿ ಆದದ್ದಲ್ಲ. ಒಬ್ಬೊಬ್ಬ ಸದಸ್ಯರ ಬಾಗಿಲು ತಟ್ಟಿ ಆದದ್ದು. ನಿಮಗೆ ಬೇಕಿರುವ "ನಿಜವಾದ ಮತ" ಬರಬೇಕಾದರೂ ಆ ಬಾಗಿಲು ತಟ್ಟುವವರು ಡೆಲಿಗೇಟ್ ಅಲ್ಲದೆ ಮತ್ಯಾರು?

ಡಾರ್ವಿನ್‌ವಾಸಿ (ಆಸ್ಟ್ರೇಲಿಯಾ)

ನಾನು ಸುಮ್ಮನೆ ಓದುತ್ತಿದ್ದೆ. ನಮ್ಮೂರಿನ ಕಥೆ ಇದಕ್ಕೆ ತುಂಬಾ ಹತ್ತಿರ ಇದೆ, ಹೇಳಲೇಬೇಕು.

ನಮ್ಮ ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಗೆ ಆಸ್ಟ್ರೇಲಿಯಾ ಸಂಸತ್ತಿನಲ್ಲಿ ಒಂದು ಕಾಲಕ್ಕೆ ಯಾರೂ ಇರಲಿಲ್ಲ. ಹೆರಾಲ್ಡ್ ನೆಲ್ಸನ್ ಅನ್ನುವ ಕಾರ್ಮಿಕ ನಾಯಕರು "ಪ್ರತಿನಿಧಿ ಇಲ್ಲದಿದ್ದರೆ ತೆರಿಗೆ ಇಲ್ಲ" ಎಂದು ಹಟ ಹಿಡಿದು 1921ರಲ್ಲಿ ಇಲ್ಲಿನ ಫ್ಯಾನಿ ಬೇ ಜೈಲಿಗೆ ಹೋದರು. 1922ರಲ್ಲಿ ಸರ್ಕಾರ ಒಂದು ಸೀಟು ಕೊಟ್ಟಿತು, ಮತವಿಲ್ಲದ ಸೀಟು. ನೆಲ್ಸನ್ ಅವರೇ ಗೆದ್ದರು. ಆಮೇಲೆ ಒಂದೊಂದೇ ಹೆಜ್ಜೆ. ಮೊದಲು ಟೆರಿಟರಿಯ ವಿಷಯಗಳಿಗೆ ಮಾತ್ರ ಮತ. ಪೂರ್ತಿ ಮತ ಸಿಕ್ಕಿದ್ದು 1968ರಲ್ಲಿ. ರಾಜಧಾನಿ ಕ್ಯಾನ್‌ಬೆರಾದ ಸದಸ್ಯರಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. 1975ರಿಂದ ಎರಡೂ ಕಡೆಗೆ ಸೆನೆಟರ್‌ಗಳೂ ಇದ್ದಾರೆ.

ನಾರ್ದರ್ನ್ ಟೆರಿಟರಿ ಇವತ್ತಿಗೂ ರಾಜ್ಯ ಅಲ್ಲ, ಆದರೂ ಮತ ಇದೆ. ಇಲ್ಲಿನ ಸಂವಿಧಾನ ಟೆರಿಟರಿಗಳಿಗೆ ಎಷ್ಟು ಪ್ರಾತಿನಿಧ್ಯ ಅನ್ನುವುದನ್ನು ಸಂಸತ್ತಿಗೆ ಬಿಟ್ಟಿದೆ. ಅಮೆರಿಕಕ್ಕೆ ಆ ಅನುಕೂಲ ಇಲ್ಲ ಅಂತ ಮೇಷ್ಟ್ರ ಮಾತಿನಿಂದ ಗೊತ್ತಾಯಿತು.

ಧಾರವಾಡದ ಓದುಗ

ಸರ್, ಅಮೆರಿಕದಲ್ಲೂ ಹೀಗೆ ಅರ್ಧ ಮತ ಕೊಡುವ ಪ್ರಯತ್ನ ಆಗಿದೆ ಎಂದು ಎಲ್ಲೋ ಓದಿದೆ.

ನಿವೃತ್ತ ಮೇಷ್ಟ್ರು

ಆಗಿದೆ. ಹೌಸ್ ಕೆಲವು ಸಲ ಇಡೀ ಸದನವನ್ನೇ ಒಂದು ಸಮಿತಿ ಎಂದುಕೊಂಡು ಕೂತು ತಿದ್ದುಪಡಿಗಳ ಮೇಲೆ ಮತ ಹಾಕುತ್ತದೆ. 1993ರಲ್ಲಿ ಡೆಮಾಕ್ರಾಟರು ಅಲ್ಲಿ ಡೆಲಿಗೇಟ್‌ಗಳಿಗೂ ಮತ ಕೊಟ್ಟರು. ಆದರೆ ಒಂದು ಷರತ್ತು. ಡೆಲಿಗೇಟ್‌ಗಳ ಮತದಿಂದಲೇ ಫಲಿತಾಂಶ ನಿರ್ಧಾರವಾದರೆ, ಅವರನ್ನು ಬಿಟ್ಟು ಮತ್ತೊಮ್ಮೆ ಮತ ಹಾಕಬೇಕು. ಅಂದರೆ ಮತ ಲೆಕ್ಕಕ್ಕೆ ಬರುವ ಹೊತ್ತಿಗೆ ಲೆಕ್ಕದಿಂದ ಹೊರಗೆ. ರಿಪಬ್ಲಿಕನ್ನರು ಕೋರ್ಟಿಗೆ ಹೋದರು. ಈ ಷರತ್ತು ಇರುವುದರಿಂದಲೇ ತೊಂದರೆ ಇಲ್ಲ ಎಂದು ಕೋರ್ಟು 1994ರಲ್ಲಿ ಒಪ್ಪಿತು. 1995ರಲ್ಲಿ ಬಹುಮತ ಬದಲಾಯಿತು, ಮತ ಹೋಯಿತು. 2007ರಲ್ಲಿ ಬಂತು, 2011ರಲ್ಲಿ ಹೋಯಿತು, 2019ರಲ್ಲಿ ಮತ್ತೆ ಬಂತು.

2025ರ ಜನವರಿಯಲ್ಲಿ ಸ್ಪೀಕರ್ ಆಯ್ಕೆ ನಡೆಯಿತು. ಹೆಸರು ಕೂಗುವುದು ಮುಗಿದ ಮೇಲೆ ವರ್ಜಿನ್ ಐಲೆಂಡ್ಸ್‌ನ ಡೆಲಿಗೇಟ್ ಸ್ಟೇಸಿ ಪ್ಲಾಸ್ಕೆಟ್ ಎದ್ದು ನಿಂತರು. ನಮ್ಮ ಪ್ರದೇಶಗಳ ಹೆಸರನ್ನು ಯಾಕೆ ಕೂಗಲಿಲ್ಲ ಎಂದು ಕೇಳಿದರು. ನಿಯಮದಲ್ಲಿ ಇಲ್ಲ ಎಂಬ ಉತ್ತರ ಬಂತು. ಅವರು ಮಾತು ಮುಂದುವರಿಸಿದಾಗ ಮೈಕ್ ಬಂದ್ ಆಯಿತು. ಇದೇ ಪ್ಲಾಸ್ಕೆಟ್ 2021ರಲ್ಲಿ ಟ್ರಂಪ್ ಅವರ ಎರಡನೇ ಮಹಾಭಿಯೋಗ ನಡೆದಾಗ ಸೆನೆಟ್ ಮುಂದೆ ಹೌಸ್ ಪರವಾಗಿ ವಾದ ಮಾಡಿದವರಲ್ಲಿ ಒಬ್ಬರು. ಮಹಾಭಿಯೋಗಕ್ಕೆ ಮತ ಹಾಕುವ ಹಕ್ಕು ಅವರಿಗೆ ಇರಲಿಲ್ಲ. ವಾದ ಮಾಡಲು ಸದನ ಅವರನ್ನೇ ಆರಿಸಿತು. ಸಾಮರ್ಥ್ಯ ಇದ್ದರೆ ಆ ಸ್ಥಾನದಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ತುಂಗಾತೀರ

ನನ್ನ ತೀರ್ಮಾನ ಆಯಿತು, ಆ ಸಾಲನ್ನು ಖಾಲಿ ಬಿಡುವುದಿಲ್ಲ. ಈಗ ಮುಂದಿನ ಪ್ರಶ್ನೆ. ನಮ್ಮ ಬಡಾವಣೆಯಲ್ಲಿ ಅಭ್ಯರ್ಥಿಗಳು ಜನರನ್ನು ಭೇಟಿಯಾಗಲು ಬರುತ್ತಾರಂತೆ. ಏನು ಕೇಳಬೇಕು? ಎಲ್ಲರೂ "ರಾಜ್ಯದ ಸ್ಥಾನಕ್ಕೆ ಹೋರಾಡುತ್ತೇನೆ" ಅಂತಲೇ ಹೇಳುತ್ತಾರೆ, ಅಲ್ವಾ?

ಪೂರ್ಣಿಮಾ ಎಚ್.

ಹೌದು, ಅದನ್ನು ಕೇಳಿ ಪ್ರಯೋಜನ ಇಲ್ಲ. ಎಲ್ಲರದ್ದೂ ಒಂದೇ ಉತ್ತರ. ನಾನಾದರೆ ಯಾವ ಸಮಿತಿ ಕೇಳುತ್ತೀರಿ ಎಂದು ಮೊದಲು ಕೇಳುತ್ತೇನೆ. ಡಿಸಿಯ ಮಸೂದೆಗಳು ಬರುವ ಸಮಿತಿಯಲ್ಲಿ ಕೂರದಿದ್ದರೆ ಲೆಕ್ಕಕ್ಕೆ ಬರುವ ಒಂದೇ ಮತವನ್ನೂ ಬೇರೆ ಕಡೆ ಕಳೆದುಕೊಂಡ ಹಾಗೆ. ಆಮೇಲೆ, ಎದುರು ಪಕ್ಷದವರ ಜೊತೆ ಕೂತು ಮಾಡಿಸಿದ ಒಂದು ಕೆಲಸ ಹೇಳಿ ಎನ್ನುತ್ತೇನೆ. ಭಾಷಣ ಬೇಡ, ಕೆಲಸ. ಡೆಲಿಗೇಟ್ ಆದವರು ತಮ್ಮನ್ನು ಕಂಡರೆ ಆಗದ ಸದಸ್ಯರ ಕಚೇರಿಗೂ ಹೋಗಿ ಕೂರಬೇಕು. ಅದು ಎಲ್ಲರಿಗೂ ಬರುವುದಿಲ್ಲ.

ಇನ್ನೊಂದು ಮುಖ್ಯ ಪ್ರಶ್ನೆ ಇದೆ. ಬಜೆಟ್ ಮಸೂದೆಗಳಲ್ಲಿ ಡಿಸಿಯನ್ನು ಕಟ್ಟಿಹಾಕುವ ಸಣ್ಣ ಸಣ್ಣ ಸಾಲುಗಳು ಸೇರಿಕೊಳ್ಳುತ್ತವೆ. 2014ರಲ್ಲಿ ಡಿಸಿ ಜನ ಮತ ಹಾಕಿ ಗಾಂಜಾ ಇಟ್ಟುಕೊಳ್ಳುವುದನ್ನು ಕಾನೂನುಬದ್ಧ ಮಾಡಿದರು. ಅದರ ಮಾರಾಟಕ್ಕೆ ನಿಯಮ ಮಾಡಲು ಡಿಸಿ ತನ್ನ ಹಣ ಖರ್ಚು ಮಾಡಬಾರದು ಎಂದು ಕಾಂಗ್ರೆಸ್ ಒಂದು ಸಾಲು ಸೇರಿಸಿತು. ವರ್ಷ ವರ್ಷ ಅದು ಉಳಿದುಕೊಂಡು ಬಂತು. ಗಾಂಜಾ ಬೇಕೋ ಬೇಡವೋ ಅನ್ನುವುದು ನನ್ನ ಮಾತಲ್ಲ. ಇಂಥ ಸಾಲುಗಳು ನೂರಾರು ಪುಟದ ಮಸೂದೆಯಲ್ಲಿ ಎಲ್ಲಿ ಅಡಗಿವೆ ಎಂದು ಮೊದಲೇ ಹುಡುಕಿ ಹಿಡಿಯುವ ಕಚೇರಿ ಡೆಲಿಗೇಟ್‌ಗೆ ಇರಬೇಕು. ನಿಮ್ಮ ಕಚೇರಿಗೆ ಎಂಥವರನ್ನು ತೆಗೆದುಕೊಳ್ಳುತ್ತೀರಿ ಎಂದು ಕೇಳಿ. ತಡವರಿಸಿದರೆ ನಿಮಗೇ ಗೊತ್ತಾಗುತ್ತದೆ.

ನಾರ್ಟನ್ ಅವರ ಕೊನೆಯ ವರ್ಷಗಳಲ್ಲಿ ವಯಸ್ಸಿನ ಬಗ್ಗೆ ಊರಲ್ಲಿ ತುಂಬಾ ಮಾತಾಯಿತು. 1937ರಲ್ಲಿ ಹುಟ್ಟಿದವರು. 2025ರಲ್ಲಿ ಗಟ್ಟಿಯಾದ ದನಿ ಕೇಳಿಸಲಿಲ್ಲ ಎಂದು ಅವರನ್ನು ಪ್ರೀತಿಸುವವರೇ ನೊಂದುಕೊಂಡರು. ನಾನೂ ನೊಂದುಕೊಂಡೆ. ಮತ ಇರುವ ಸದಸ್ಯರು ದಣಿದರೂ ಅವರ ಮತ ಎಣಿಕೆಗೆ ಬರುತ್ತದೆ. ಡೆಲಿಗೇಟ್ ದಣಿದರೆ ನಮ್ಮ ಪಾಲಿಗೆ ಉಳಿಯುವುದು ಏನೂ ಇಲ್ಲ. ಅದಕ್ಕೇ ಈ ಸೀಟಿಗೆ ಯಾರು ಬರುತ್ತಾರೆ ಅನ್ನುವುದು ಬೇರೆ ಸೀಟುಗಳಿಗಿಂತ ಮುಖ್ಯ ಎನ್ನುತ್ತೇನೆ.

ಲೌಡನ್ ರಾಘು

ಈ ಕೊನೆಯ ಮಾತು ನನಗೂ ಸರಿ ಅನ್ನಿಸಿತು ಮೇಡಂ. ನಾನು ನಮ್ಮ ಪ್ರತಿನಿಧಿಯ ಕಚೇರಿಗೆ ಈ ವಾರ ಪತ್ರ ಬರೆಯುತ್ತೇನೆ. ಡಿಸಿ ಬಜೆಟ್ ವಿಷಯದಲ್ಲಿ ನಿಮ್ಮ ನಿಲುವೇನು ಅಂತ. ಮತ ಇರುವವರನ್ನು ಆರಿಸಿದ ನಾವು ಕೇಳಿದರೆ ಅವರಿಗೂ ಕಿವಿಗೆ ಬೀಳುತ್ತದೆ. ವರ್ಜೀನಿಯಾ, ಮೇರಿಲ್ಯಾಂಡ್‌ನಲ್ಲಿರುವ ಕನ್ನಡದವರು ನೀವೂ ಬರೆಯಿರಿ.

ತುಂಗಾತೀರ ಅವರೇ, ನೋಂದಣಿ ಸರಿ ಇದೆಯಾ ಒಮ್ಮೆ ನೋಡಿಕೊಳ್ಳಿ. ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡಿದ್ದರೆ ಪ್ರೈಮರಿಯಲ್ಲಿ ಪಕ್ಷದ ಮತಪತ್ರ ಸಿಗದು. ಡಿಸಿಯಲ್ಲಿ ಡೆಮಾಕ್ರಾಟಿಕ್ ಪ್ರೈಮರಿ ಗೆದ್ದವರೇ ನವೆಂಬರ್‌ನಲ್ಲೂ ಗೆಲ್ಲುವುದು ರೂಢಿ. ಪಕ್ಷ ಬದಲಿಸುವುದಾದರೆ ಕೊನೆಯ ವಾರಗಳಲ್ಲಿ ಬಿಡುವುದಿಲ್ಲ, ಈಗಲೇ ಮಾಡಿ.

ತುಂಗಾತೀರ

ನೋಂದಣಿ ಆಗಿದೆ ರಾಘು. ನಮ್ಮ ಅತ್ತೆಯವರು ಗ್ರೀನ್ ಕಾರ್ಡ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ. ಪೌರತ್ವ ಇಲ್ಲದವರೂ ಡಿಸಿಯಲ್ಲಿ ಮತ ಹಾಕಬಹುದು ಎಂದು ಯಾರೋ ಹೇಳಿದರು. ಅವರೂ ಡೆಲಿಗೇಟ್‌ಗೆ ಹಾಕಬಹುದಾ?

ಪೂರ್ಣಿಮಾ ಎಚ್.

ಡೆಲಿಗೇಟ್‌ಗೆ ಆಗುವುದಿಲ್ಲ. ಅದು ಕೇಂದ್ರದ ಹುದ್ದೆ, ಪೌರರಿಗೆ ಮಾತ್ರ. ಕೌನ್ಸಿಲ್ 2022ರಲ್ಲಿ ಮಾಡಿದ ಕಾನೂನು ಮೇಯರ್, ಕೌನ್ಸಿಲ್‌ನಂಥ ಸ್ಥಳೀಯ ಹುದ್ದೆಗಳಿಗೆ ಮಾತ್ರ. ಅಂಥವರಿಗೆ ಬರುವ ಮತಪತ್ರವೇ ಬೇರೆ. ಅದಕ್ಕೂ ಮೊದಲು ಒಬ್ಬ ವಲಸೆ ವಕೀಲರನ್ನು ಕೇಳಿಬಿಡಿ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಎಲ್ಲಾದರೂ ಮತಕ್ಕೆ ನೋಂದಾಯಿಸಿದ್ದೀರಾ ಎಂದು ಕೇಳುತ್ತಾರೆ. ಅಮ್ಮನವರಿಗೆ ಆಗ ತೊಂದರೆ ಆಗಬಾರದು.

ನಿಮ್ಮ ಮತಪತ್ರದ ಬಗ್ಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಇನಿಷಿಯೇಟಿವ್ 83 ಎಂಬ ಪ್ರಸ್ತಾವ ಜನರ ಮತದಲ್ಲಿ ಗೆದ್ದದ್ದರಿಂದ ಈ ಸಲ ಒಬ್ಬರಿಗೇ ಗುರುತು ಹಾಕಿ ಮುಗಿಸಬೇಕಿಲ್ಲ. ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಐವರವರೆಗೆ ಕ್ರಮ ಕೊಡಬಹುದು. ಒಬ್ಬರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರಿಗೆ ಬಿದ್ದ ಮತಗಳನ್ನು ಆ ಮತದಾರರ ಮುಂದಿನ ಆಯ್ಕೆಗೆ ಸೇರಿಸಿ ಎಣಿಸುತ್ತಾರೆ. ಒಬ್ಬರ ಹೆಸರನ್ನೇ ಎರಡು ಕಡೆ ಗುರುತು ಮಾಡಿದರೆ ಲಾಭ ಇಲ್ಲ. ಮನಸ್ಸಿಗೆ ಒಪ್ಪದವರಿಗೆ ಕ್ರಮ ಕೊಡದೆ ಬಿಡಬಹುದು. ಸಭೆಯಲ್ಲಿ ಅವರು ಏನು ಹೇಳಿದರು ಅಂತ ಇಲ್ಲಿ ಬಂದು ಬರೆಯಿರಿ. ನಾನಿನ್ನೂ ಎರಡನೇ ಆಯ್ಕೆ ಯಾರಿಗೆ ಎಂದು ನಿರ್ಧರಿಸಿಲ್ಲ.